ಫ್ರೀ ಅಂತ ಕೊಟ್ಟ ಪ್ರಿ-ವರ್ಕೌಟ್ ಪೊಟ್ಟಣ: ಹದಿಹರೆಯದ ಮಕ್ಕಳಿರುವ ಮನೆಯವರು ದಯವಿಟ್ಟು ಓದಿ

ಉಳಿದದ್ದು ಓದದಿದ್ದರೂ ಪರವಾಗಿಲ್ಲ, ಇಷ್ಟು ಮಾತ್ರ ಓದಿಕೊಳ್ಳಿ. ಪ್ರೋಟೀನ್ ಡಬ್ಬಿಯ ಜೊತೆ ಫ್ರೀ ಅಂತ ಕೊಡುವ ಪ್ರಿ-ವರ್ಕೌಟ್ (ವ್ಯಾಯಾಮಕ್ಕೆ ಮೊದಲು ನೀರಿಗೆ ಕಲಸಿ ಕುಡಿಯುವ ಕೆಫೀನ್ ಪುಡಿ) ಪೊಟ್ಟಣವನ್ನು ಮನೆಗೆ ತರಬೇಡಿ. ಕೌಂಟರಿನಲ್ಲೇ ವಾಪಸ್ ಕೊಟ್ಟು ಬನ್ನಿ. ನಮಗೆ ಕೊಟ್ಟ ಪೊಟ್ಟಣದೊಳಗೆ ಅಳತೆಯ ಸ್ಕೂಪ್ ಇರಲಿಲ್ಲ. ಸ್ಕೂಪ್ ಇಲ್ಲದಿದ್ದರೆ ಹುಡುಗರು ಪ್ರೋಟೀನ್ ಡಬ್ಬಿಯ ದೊಡ್ಡ ಸ್ಕೂಪನ್ನೇ ಅದಕ್ಕೂ ಬಳಸುತ್ತಾರೆ. ನಮ್ಮ ಮನೆಯಲ್ಲಿ ಆದದ್ದು ಅದೇ.

ಮಗನಿಗೆ 16 ವರ್ಷ, ತೂಕ 54 ಕೆಜಿ. ಕೇಳಿದ್ದು ಮೂರು: ವೇ ಪ್ರೋಟೀನ್, ಕ್ರಿಯಾಟಿನ್ (ಮಾಂಸಖಂಡಕ್ಕೆ ಶಕ್ತಿ ಕೊಡಲು ತೆಗೆದುಕೊಳ್ಳುವ ಪುಡಿ), ಪ್ರಿ-ವರ್ಕೌಟ್. ಅವನಮ್ಮ ಮೂರಕ್ಕೂ ಬೇಡ ಅಂದಳು. ವೇ ಅಂದರೆ ಚೀಸ್ ಮಾಡುವಾಗ ಉಳಿಯುವ ಹಾಲಿನ ನೀರನ್ನು ಶೋಧಿಸಿ ಒಣಗಿಸಿದ್ದು, ಅದೊಂದಕ್ಕೆ ಹೆದರಬೇಕಿಲ್ಲ ಅಂತ ವಾದ ಮಾಡಿದವನು ನಾನು. ಹಲವು ವರ್ಷಗಳಿಂದ ವೇಟ್ಸ್ ಎತ್ತುತ್ತಿದ್ದೇನೆ, ಲೇಬಲ್ ಓದಲು ಬರುತ್ತದೆ ಅನ್ನುವ ಧೈರ್ಯ. ಆ ಧೈರ್ಯವೇ ಕೈಕೊಟ್ಟಿತು. ಡಬ್ಬಿಯ ಲೇಬಲ್ ಓದಿದೆ, ಪೊಟ್ಟಣದ ಹಿಂಬದಿ ಓದಲಿಲ್ಲ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ.

ಅಂಗಡಿಯವನು ಬಿಲ್ ಮಾಡುವಾಗ ಪೊಟ್ಟಣವನ್ನು ಚೀಲದೊಳಗೆ ಹಾಕಿ, "ಇದು ನಮ್ಮ ಕಡೆಯಿಂದ ಸರ್, ಹುಡುಗ ಟ್ರೈ ಮಾಡ್ಲಿ" ಅಂದ. "ಹದಿನೆಂಟರ ಕೆಳಗಿನವರಿಗೆ ಅಲ್ಲ ಅಂತ ಬರೆದಿದೆಯಲ್ಲಪ್ಪ" ಅಂದೆ. "ಅದು ಕಾನೂನಿಗೆ ಅಂತ ಹಾಕೋದು ಸರ್, ಎಲ್ಲಾ ಡಬ್ಬೀಲೂ ಇರುತ್ತೆ." ಅಷ್ಟಕ್ಕೇ ಸುಮ್ಮನಾದೆ. ಸುಮ್ಮನಾಗಬಾರದಿತ್ತು.

ಈಗ ಲೆಕ್ಕ ಕೇಳಿ. ನಮ್ಮ ಪ್ರೋಟೀನ್ ಡಬ್ಬಿಯ ಸ್ಕೂಪ್ 33 ಗ್ರಾಂನದು. ಪ್ರಿ-ವರ್ಕೌಟ್ ಪೊಟ್ಟಣದ ಮೇಲೆ ಒಂದು ಸರ್ವಿಂಗ್ (ಒಂದು ಸಲದ ಅಳತೆ) 7 ಗ್ರಾಂ ಅಂತ ಇತ್ತು. ಹೊಸ ಪುಡಿ ಯಾವುದೇ ಇರಲಿ ಅರ್ಧ ಸ್ಕೂಪಿನಿಂದ ಶುರು ಮಾಡಬೇಕು ಅಂತ ಮಗನಿಗೆ ಹೇಳಿಕೊಟ್ಟವನೂ ನಾನೇ. ಅವನು ಅದನ್ನೇ ಪಾಲಿಸಿದ, ಪ್ರೋಟೀನ್ ಸ್ಕೂಪಿನಲ್ಲಿ ಅರ್ಧ. ಪ್ರೋಟೀನ್ ಪುಡಿ ಹಗುರ, ಗಾಳಿ ತುಂಬಿಕೊಂಡು ಉಬ್ಬಿರುತ್ತದೆ. ಪ್ರಿ-ವರ್ಕೌಟ್ ಪುಡಿ ಹಾಗಲ್ಲ, ಉಪ್ಪಿನ ಹಾಗೆ ಭಾರ. ಆಮೇಲೆ ಅಡುಗೆಮನೆಯ ತಕ್ಕಡಿಯ ಮೇಲೆ ಅದೇ ಸ್ಕೂಪಿನಲ್ಲಿ ಅರ್ಧ ತುಂಬಿ ತೂಗಿದೆ: 22 ಗ್ರಾಂ. ಮೂರು ಸರ್ವಿಂಗ್‌ಗಿಂತ ಹೆಚ್ಚು. ಅವನು ಅಂದುಕೊಂಡದ್ದು ಅರ್ಧ, ಹೊಟ್ಟೆಗೆ ಹೋದದ್ದು ಮೂರು.

ಇಪ್ಪತ್ತು ನಿಮಿಷಕ್ಕೆ ಮುಖ, ಕಿವಿ, ಕೈಬೆರಳೆಲ್ಲ ಚುಮುಚುಮು. ಮುಕ್ಕಾಲು ಗಂಟೆಯೊಳಗೆ ಕೈ ನಡುಕ, ಬೆವರು, ವಾಂತಿ. ಕುರ್ಚಿಯಲ್ಲಿ ಕೂತಿದ್ದ ಹುಡುಗನ ನಾಡಿ ನಿಮಿಷಕ್ಕೆ 140. ಆಸ್ಪತ್ರೆಯಲ್ಲಿ ಇಸಿಜಿ ಮಾಡಿದರು, ರಾತ್ರಿಯಿಡೀ ನೋಡಿಕೊಂಡರು. ಈಗ ಚೆನ್ನಾಗಿದ್ದಾನೆ.

ಆದರೆ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ ಇತ್ತಲ್ಲ, "ಎಷ್ಟು ಕೆಫೀನ್ ಹೋಗಿದೆ?" ಆಗ ಪೊಟ್ಟಣ ತಿರುಗಿಸಿ ಹಿಂಬದಿ ಓದಿದೆ. "ಎನರ್ಜಿ ಮ್ಯಾಟ್ರಿಕ್ಸ್ 3500 ಮಿಲಿಗ್ರಾಂ." ಅದರ ಕೆಳಗೆ ಸಣ್ಣಕ್ಷರದಲ್ಲಿ ಹೆಸರುಗಳ ಸಾಲು: ಬೀಟಾ ಅಲನಿನ್, ಟಾರಿನ್, ಕೆಫೀನ್ ಅನ್‌ಹೈಡ್ರಸ್, ಗ್ರೀನ್ ಟೀ ಸಾರ, ಗ್ವಾರಾನಾ. ಯಾವುದು ಎಷ್ಟು? ಎಲ್ಲೂ ಇಲ್ಲ. ಎರಡು ಸಲ ಓದಿದೆ, ಬೆಳಕಿಗೆ ಹಿಡಿದು ಮತ್ತೆ ಓದಿದೆ. ಇಲ್ಲ. ಗ್ವಾರಾನಾ ಬೀಜದಲ್ಲೂ ಕೆಫೀನ್ ಇದೆ, ಗ್ರೀನ್ ಟೀಯಲ್ಲೂ ಇದೆ, ಅವುಗಳ ಲೆಕ್ಕವೂ ಇಲ್ಲ. ಮಗ ಮಂಚದ ಮೇಲೆ, ಎದುರಿಗೆ ಡಾಕ್ಟರ್, ಕೈಯಲ್ಲಿ ಪೊಟ್ಟಣ, ಹೇಳಲು ಒಂದು ಅಂಕಿ ಇಲ್ಲ. ಮೋಸ ಹೋದೆ ಅನ್ನಿಸಿದ್ದು ಆ ಕ್ಷಣ. ದುಡ್ಡಿನ ಮಾತಲ್ಲ ಇದು.

ಪ್ರಿ-ವರ್ಕೌಟ್ ಪುಡಿಗಳಲ್ಲಿ ಒಂದು ಸರ್ವಿಂಗ್‌ಗೆ ಸಾಮಾನ್ಯವಾಗಿ 150ರಿಂದ 300 ಮಿಲಿಗ್ರಾಂ ಕೆಫೀನ್ ಇರುತ್ತದೆ, ಅದಕ್ಕಿಂತ ಜಾಸ್ತಿ ಇರುವವೂ ಇವೆ. ಕಡಿಮೆ ಲೆಕ್ಕವನ್ನೇ ಹಿಡಿದರೂ ಮೂರು ಸರ್ವಿಂಗ್ ಅಂದರೆ 450. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಮಕ್ಕಳಿಗೆ, ಹದಿಹರೆಯದವರಿಗೆ ಹೇಳಿದ ಮಟ್ಟ ದಿನಕ್ಕೆ ಕೆಜಿ ತೂಕಕ್ಕೆ 3 ಮಿಲಿಗ್ರಾಂ. 54 ಕೆಜಿಗೆ 162. ಅದೂ ಕಾಫಿ, ಟೀ, ಕೋಲಾ, ಚಾಕೊಲೇಟ್ ಎಲ್ಲ ಸೇರಿ ಇಡೀ ದಿನಕ್ಕೆ. ದೊಡ್ಡವರಿಗೇ ದಿನಕ್ಕೆ 400 ಅನ್ನುತ್ತಾರೆ, ಒಂದೇ ಸಲಕ್ಕೆ 200. ದೇಹದಲ್ಲಿ ಅರ್ಧ ಕೆಫೀನ್ ಇಳಿಯಲು ಸುಮಾರು ಐದು ಗಂಟೆ ಬೇಕು. ಸಂಜೆ ಆರಕ್ಕೆ ಕುಡಿದದ್ದರಲ್ಲಿ ಅರ್ಧ ರಾತ್ರಿ ಹನ್ನೊಂದಕ್ಕೂ ಮೈಯಲ್ಲೇ ಇರುತ್ತದೆ. ನಿದ್ದೆ ಕೆಟ್ಟ ಮೇಲೆ ಮಾಂಸಖಂಡ ಬೆಳೆಯುವುದೆಲ್ಲಿ ಬಂತು?

ಅಂಗಡಿಯವನ ಉತ್ತರಗಳನ್ನು ಕೇಳಿದ ಹಾಗೆಯೇ ಬರೆಯುತ್ತೇನೆ. ನಿಮಗೂ ಇವೇ ಸಿಗುತ್ತವೆ.

"ಚುಮುಚುಮು ಬಂತಾ ಸರ್? ಹಾಗಾದ್ರೆ ಮಾಲು ಒರಿಜಿನಲ್, ಕೆಲಸ ಮಾಡ್ತಿದೆ ಅಂತ ಅರ್ಥ."

ಆಸ್ಪತ್ರೆಯಿಂದ ಬಂದ ಬೆಳಗ್ಗೆ ಸಿಕ್ಕ ಉತ್ತರ ಇದು. ಚುಮುಚುಮು ಬೀಟಾ ಅಲನಿನ್‌ನದು, ಚರ್ಮದ ಕೆಳಗಿನ ನರಗಳನ್ನು ಅದು ಕೆಣಕುತ್ತದೆ. ಒಂದೇ ಸಲಕ್ಕೆ ಒಂದು ಗ್ರಾಂ ಹತ್ತಿರ ಹೋದರೂ ಬರುತ್ತದೆ. ಬೀಟಾ ಅಲನಿನ್‌ನ ಉಪಯೋಗ ಏನಿದ್ದರೂ ದಿನವೂ 3ರಿಂದ 6 ಗ್ರಾಂ ಹಾಗೆ ಕೆಲವು ವಾರ ತೆಗೆದುಕೊಂಡ ಮೇಲೆ. ಅವತ್ತು ಕುಡಿದು ಅವತ್ತೇ ಬರುವ ಶಕ್ತಿ ಅಲ್ಲ ಅದು. ಹಾಗಾದರೆ ಯಾಕೆ ಹಾಕುತ್ತಾರೆ? ಹುಡುಗನಿಗೆ ಏನೋ ಆಗುತ್ತಿದೆ ಅನ್ನಿಸಬೇಕು, ಅದಕ್ಕೂ ಹಾಕುತ್ತಾರೆ ಅನ್ನುವುದು ನನ್ನ ಅಭಿಪ್ರಾಯ, ಇದನ್ನು ಬಿಟ್ಟುಕೊಡಲಾರೆ.

"ಕೆಫೀನ್ ಎಷ್ಟಿದೆ ಹೇಳಿ" ಅಂದೆ. "ಅದು ಪ್ರೊಪ್ರೈಟರಿ ಸರ್, ಕಂಪನಿ ಸೀಕ್ರೆಟ್." ಹೃದಯ ಓಡುತ್ತಿರುವ ಹುಡುಗನ ಅಪ್ಪನಿಗೆ ಹೇಳುವ ಮಾತೇ ಇದು?

"ಪೂರ್ತಿ ನ್ಯಾಚುರಲ್ ಸರ್, ಗಿಡಮೂಲಿಕೆ." ಎಫೆಡ್ರಾ ಕೂಡ ಗಿಡವೇ ಅಲ್ಲವೇ. ಹೃದಯಾಘಾತ, ಪಾರ್ಶ್ವವಾಯು ಆಗುತ್ತಿದ್ದದ್ದಕ್ಕೇ ಅಮೆರಿಕದ ಆಹಾರ-ಔಷಧ ಪ್ರಾಧಿಕಾರ ಎಫ್‌ಡಿಎ 2004ರಲ್ಲಿ ಸಪ್ಲಿಮೆಂಟುಗಳಲ್ಲಿ ಅದನ್ನು ನಿಷೇಧಿಸಿತು. ಆಮೇಲೆ ಬಂದದ್ದು ಡಿಎಂಎಎ. ಲೇಬಲ್ ಮೇಲೆ ಜೆರೇನಿಯಂ ಸಾರ ಅಂತ, ಮಿಥೈಲ್‌ಹೆಕ್ಸಾನಮೈನ್ ಅಂತ ಬೇರೆ ಬೇರೆ ಹೆಸರಿನಲ್ಲಿ ಕೂತಿರುತ್ತದೆ. ರಕ್ತನಾಳ ಬಿಗಿಸಿ ಬಿಪಿ ಏರಿಸುವ ವಸ್ತು. 2012ರಲ್ಲಿ ಅದರ ಮೇಲೂ ಎಫ್‌ಡಿಎ ಎಚ್ಚರಿಕೆ ಪತ್ರ ಕಳಿಸಿತು. ಎಫೆಡ್ರಾ, ಡಿಎಂಎಎ, ಅದರ ಈ ಬೇರೆ ಹೆಸರುಗಳು, ಯಾವುದು ಕಂಡರೂ ಡಬ್ಬಿಯನ್ನು ಅಲ್ಲೇ ಇಟ್ಟು ಎದ್ದು ಬನ್ನಿ.

"ಎಲ್ಲಾ ಹುಡುಗ್ರೂ ತಗೋತಾರೆ ಸರ್, ಯಾರಿಗೂ ಏನೂ ಆಗಿಲ್ಲ. ನಿಮ್ಮ ಹುಡುಗಂದೇ ಬಾಡಿ ವೀಕು." ಈ ಮಾತಿಗೆ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಯಾರಿಗೂ ಏನೂ ಆಗಿಲ್ಲವಂತೆ. 25 ವರ್ಷದೊಳಗಿನವರ ಬಗ್ಗೆ ಅಮೆರಿಕದಲ್ಲಿ 2019ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ: ವಿಟಮಿನ್ ಮಾತ್ರೆಗೆ ಹೋಲಿಸಿದರೆ ತೂಕ ಇಳಿಸುವ, ಮಾಂಸಖಂಡ ಬೆಳೆಸುವ, ಎನರ್ಜಿ ಕೊಡುವ ಸಪ್ಲಿಮೆಂಟುಗಳಲ್ಲಿ ಗಂಭೀರ ತೊಂದರೆಯ ಸಾಧ್ಯತೆ ಸುಮಾರು ಮೂರು ಪಟ್ಟು. ನ್ಯೂಯಾರ್ಕ್ ರಾಜ್ಯದಲ್ಲಿ 2024ರ ಏಪ್ರಿಲ್‌ನಿಂದ 18ರ ಕೆಳಗಿನವರಿಗೆ ತೂಕ ಇಳಿಸುವ, ಮಾಂಸಖಂಡ ಬೆಳೆಸುವ ಸಪ್ಲಿಮೆಂಟ್ ಮಾರುವುದನ್ನೇ ಕಾನೂನು ತಡೆದಿದೆ. ಬರೀ ಪ್ರೋಟೀನ್ ಪುಡಿಯನ್ನು ಮಾತ್ರ ಅದರಿಂದ ಹೊರಗಿಟ್ಟಿದ್ದಾರೆ.

ಕೊನೆಯ ಉತ್ತರ: "ಫ್ರೀ ಐಟಂಗೆ ನಾವು ಹೊಣೆ ಅಲ್ಲ ಸರ್. ಬಿಲ್ಲಲ್ಲಿ ಇದೆಯಾ ನೋಡಿ." ಇರಲಿಲ್ಲ. ಫ್ರೀ ಅಂದದ್ದಕ್ಕೆ ಕಾರಣ ಆಗ ಅರ್ಥವಾಯಿತು.

ಇಷ್ಟಕ್ಕೇ ಮುಗಿಯಲಿಲ್ಲ. ಅನುಮಾನ ಬಂದು ಪ್ರೋಟೀನ್ ಡಬ್ಬಿಯನ್ನೂ ಇಳಿಸಿ ಮತ್ತೆ ಓದಿದೆ. 33 ಗ್ರಾಂ ಸ್ಕೂಪಿಗೆ 27 ಗ್ರಾಂ ಪ್ರೋಟೀನ್ ಅಂತ ಬರೆದಿದೆ. 27ನ್ನು 33ರಿಂದ ಭಾಗಿಸಿದರೆ ನೂರಕ್ಕೆ 82. ಒಳಗಿರುವುದು ವೇ ಕಾನ್ಸಂಟ್ರೇಟ್, ಅದರಲ್ಲಿ ಪ್ರೋಟೀನ್ ಇರುವುದೇ ನೂರಕ್ಕೆ 80ರ ಆಸುಪಾಸು. ಅದಕ್ಕೆ ಕೋಕೋ, ಸಿಹಿ, ಗಟ್ಟಿ ಮಾಡುವ ಗೋಂದು ಎಲ್ಲ ಸೇರಿದ ಮೇಲೆ ಅಂಕಿ ಇಳಿಯಬೇಕು, ಏರುವುದು ಹೇಗೆ? ಐಸೊಲೇಟ್ (ಇನ್ನೂ ಹೆಚ್ಚು ಶೋಧಿಸಿದ ವೇ) ಆಗಿದ್ದರೆ 90 ಇರುತ್ತದೆ, ಒಪ್ಪಬಹುದಿತ್ತು.

ಉತ್ತರ ಪದಾರ್ಥಗಳ ಪಟ್ಟಿಯಲ್ಲೇ ಇತ್ತು: ಗ್ಲೈಸಿನ್, ಟಾರಿನ್, ಕ್ರಿಯಾಟಿನ್. ಮೂರೂ ಪ್ರೋಟೀನ್ ಅಲ್ಲ, ಆದರೆ ಮೂರರಲ್ಲೂ ನೈಟ್ರೋಜನ್ ಇದೆ. ಲ್ಯಾಬಿನಲ್ಲಿ ಮಾಮೂಲಿ ಪರೀಕ್ಷೆ ಪ್ರೋಟೀನನ್ನು ನೇರವಾಗಿ ಅಳೆಯುವುದಿಲ್ಲ, ನೈಟ್ರೋಜನ್ ಅಳೆದು 6.25ರಿಂದ ಗುಣಿಸುತ್ತದೆ (ಹಾಲಿನ ಪದಾರ್ಥಕ್ಕೆ 6.38). ಅಗ್ಗದ ಗ್ಲೈಸಿನ್ ಒಂದು ಗ್ರಾಂ ಬೆರೆಸಿದರೆ ಕಾಗದದ ಮೇಲೆ 1.17 ಗ್ರಾಂ ಪ್ರೋಟೀನ್ ಆಗಿಬಿಡುತ್ತದೆ. ಅಮೈನೋ ಸ್ಪೈಕಿಂಗ್ ಅನ್ನುತ್ತಾರೆ. 2008ರಲ್ಲಿ ಚೀನಾದಲ್ಲಿ ಹಾಲಿಗೆ ಮೆಲಮೈನ್ ಬೆರೆಸಿದ್ದೂ ಇದೇ ಲೆಕ್ಕವನ್ನು ವಂಚಿಸಲು. ಗ್ಲೈಸಿನ್ ವಿಷವಲ್ಲ, ಸರಿ, ಆದರೆ ಪ್ರೋಟೀನ್ ದುಡ್ಡು ಕೊಟ್ಟು ಗ್ಲೈಸಿನ್ ತಿನ್ನುವುದು ಯಾಕೆ? ಇನ್ನೂ ದೊಡ್ಡ ಮಾತು, ಕ್ರಿಯಾಟಿನ್ ಬೇಡ ಅಂತ ಮಗನಿಗೆ ಹೇಳಿದ್ದೆ, ಅದು ಪ್ರೋಟೀನ್ ಹೆಸರಿನಲ್ಲಿ ದಿನಾ ಹೋಗುತ್ತಿತ್ತು.

ಇದನ್ನು ಹಿಡಿಯಲು ಲ್ಯಾಬ್ ಬೇಕಿಲ್ಲ, ಲೇಬಲ್ ಮೇಲೆ ಲ್ಯೂಸಿನ್ (ಪ್ರೋಟೀನಿನೊಳಗಿನ ಒಂದು ಅಮೈನೋ ಆಮ್ಲ) ಸಾಲು ನೋಡಿ. ವೇ ಪ್ರೋಟೀನಿನಲ್ಲಿ ಲ್ಯೂಸಿನ್ ಸುಮಾರು ನೂರಕ್ಕೆ ಹತ್ತು. 27 ಗ್ರಾಂ ಪ್ರೋಟೀನ್ ಇದ್ದರೆ 2.7 ಹತ್ತಿರ ಇರಬೇಕು. ನಮ್ಮ ಡಬ್ಬಿಯಲ್ಲಿ 1.6. ಅಂದರೆ ನಿಜವಾದ ವೇ ಪ್ರೋಟೀನ್ 16 ಗ್ರಾಂ ಸುತ್ತಮುತ್ತ. ಕಣ್ಣೆದುರಿಗೇ ಇತ್ತು, ಕೊಳ್ಳುವಾಗ ಭಾಗಾಕಾರ ಮಾಡಲಿಲ್ಲ.

ಕೇಳಿದ್ದಕ್ಕೆ "ಲ್ಯಾಬ್ ರಿಪೋರ್ಟ್ ಇದೆ ಸರ್" ಅಂತ ಮೊಬೈಲಿಗೆ ಕಳಿಸಿದ. ತೆರೆದು ನೋಡಿದರೆ ಅದೇ ನೈಟ್ರೋಜನ್ ಪರೀಕ್ಷೆ. ಅದರ ಮೇಲಿನ ಬ್ಯಾಚ್ ನಂಬರ್ ನಮ್ಮ ಡಬ್ಬಿಯ ತಳದಲ್ಲಿರುವ ನಂಬರೂ ಅಲ್ಲ. "ಬ್ಯಾಚ್ ಬೇರೆ ಇದೆಯಲ್ಲ" ಅಂದೆ. "ಎಲ್ಲಾ ಬ್ಯಾಚೂ ಒಂದೇ ಸರ್." "ಹಾಗಾದ್ರೆ ಡಬ್ಬಿ ವಾಪಸ್ ತಗೊಳ್ಳಿ." "ಸೀಲ್ ಒಡೆದಿದ್ದೀರಲ್ಲ ಸರ್." ಸೀಲ್ ಒಡೆಯದೆ ಒಳಗೇನಿದೆ ಅಂತ ನೋಡುವುದು ಹೇಗೆ ಸ್ವಾಮಿ?

ಅಪ್ಪ ಅಮ್ಮಂದಿರು ಹೆದರುವುದು ತಪ್ಪಲ್ಲ, ಹೆದರುವ ಡಬ್ಬಿ ಬೇರೆ ಅಷ್ಟೆ. ನಾವು ಒಂದು ತಿಂಗಳು ಜಗಳವಾಡಿದ್ದು ವೇ ಬಗ್ಗೆ, ಅಪಾಯ ಬಂದದ್ದು ಯಾರೂ ಕೇಳದೆ ಚೀಲಕ್ಕೆ ಬಿದ್ದ ಪೊಟ್ಟಣದಿಂದ. ಇನ್ನೂ ಕೆಟ್ಟದ್ದು ಪ್ರೋಹಾರ್ಮೋನ್ (ಮೈಯೊಳಗೆ ಹೋಗಿ ಸ್ಟೀರಾಯ್ಡ್ ಹಾರ್ಮೋನಾಗುವ ವಸ್ತು), ಸಾರ್ಮ್ಸ್ (ಸ್ಟೀರಾಯ್ಡಿನ ಹಾಗೆ ಕೆಲಸ ಮಾಡುವ ರಾಸಾಯನಿಕ) ಅಂತ ಮಾರುವ ಮಾಲು. ಆಸ್ಟರಿನ್, ಲಿಗಾಂಡ್ರಾಲ್ ಅನ್ನುವ ಸಾರ್ಮ್ಸ್ ಹೆಸರು ಮಗನ ಬಾಯಲ್ಲಿ ಬಂದರೆ ಅವತ್ತೇ ಕೂತು ಮಾತಾಡಿ. ಸ್ಟೀರಾಯ್ಡ್ ಹಾರ್ಮೋನು ಹದಿಹರೆಯದಲ್ಲಿ ಮೂಳೆಯ ಬೆಳವಣಿಗೆ ಫಲಕವನ್ನು ಬೇಗ ಮುಚ್ಚಿಸಿಬಿಡಬಹುದು, ಎತ್ತರ ಅಲ್ಲಿಗೇ ನಿಲ್ಲುತ್ತದೆ. ಹೆಸರಿಲ್ಲದೆಯೂ ಬರಬಹುದು: ಒಲಿಂಪಿಕ್ ಸಮಿತಿಯ ನೆರವಿನಿಂದ 13 ದೇಶಗಳಲ್ಲಿ ಕೊಂಡ 634 ಮಾಮೂಲಿ ಸಪ್ಲಿಮೆಂಟುಗಳನ್ನು ಪರೀಕ್ಷೆ ಮಾಡಿದಾಗ 94ರಲ್ಲಿ ಲೇಬಲ್ ಮೇಲಿಲ್ಲದ ಹಾರ್ಮೋನು ಸಿಕ್ಕಿತ್ತು. ವರದಿ 2004ರದ್ದು. ಕ್ರಿಯಾಟಿನ್ ದೊಡ್ಡವರ ಮೇಲೆ ಚೆನ್ನಾಗಿ ಪರೀಕ್ಷೆಯಾಗಿರುವ ವಸ್ತು, ನಾನೂ ತೆಗೆದುಕೊಳ್ಳುತ್ತೇನೆ, ಆದರೂ 18ರ ಕೆಳಗೆ ಬೇಡ ಅಂತಲೇ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಹೇಳುತ್ತದೆ.

ಹುಡುಗರಿಗೆ ಬೇಕಿರುವುದು ಎಷ್ಟು ಅಂತ ಕೂಡಿಸಿ ತೋರಿಸಿ, ಬೈದರೆ ಕೇಳುವುದಿಲ್ಲ. 14ರಿಂದ 18ರವರಿಗೆ ಕೆಜಿಗೆ 0.85 ಗ್ರಾಂ, 54 ಕೆಜಿಗೆ 46 ಗ್ರಾಂ. ಚೆನ್ನಾಗಿ ವ್ಯಾಯಾಮ ಮಾಡುವವನಿಗೆ 70, 80 ಅನ್ನಿ. ಒಂದು ಮೊಟ್ಟೆ 6 ಗ್ರಾಂ, 200 ಮಿಲಿ ಹಾಲು 6ರಿಂದ 7, ಮೇಲೆ ಬೇಳೆಕಾಳು. ಊಟದಲ್ಲೇ ಸಿಗುತ್ತದೆ.

ಕೊಳ್ಳಲೇಬೇಕು ಅಂತಿದ್ದರೆ: ಪ್ರೋಟೀನನ್ನು ಸ್ಕೂಪಿನ ತೂಕದಿಂದ ಭಾಗಿಸಿ. ಲ್ಯೂಸಿನ್ ನೋಡಿ. ಬ್ಲೆಂಡ್, ಮ್ಯಾಟ್ರಿಕ್ಸ್ ಅಂತ ಒಟ್ಟು ಅಂಕಿ ಮಾತ್ರ ಕೊಟ್ಟಿದ್ದರೆ ಬೇಡ. ಹೊರಗಿನ ಸಂಸ್ಥೆಗಳು ಪರೀಕ್ಷೆ ಮಾಡಿ ಕೊಡುವ ಇನ್‌ಫಾರ್ಮ್ಡ್ ಸ್ಪೋರ್ಟ್ ಅಥವಾ ಎನ್‌ಎಸ್‌ಎಫ್ ಗುರುತಿದ್ದರೆ ಡಬ್ಬಿಯ ಮೇಲಿನ ಚಿತ್ರ ನಂಬಬೇಡಿ, ಅವರ ಪಟ್ಟಿಯಲ್ಲೇ ಹುಡುಕಿ. ಸ್ಕೂಪನ್ನು ತಕ್ಕಡಿಯ ಮೇಲಿಟ್ಟು ತೂಗಿ. ನೀರಿಲ್ಲದೆ ಒಣಪುಡಿ ಬಾಯಿಗೆ ಹಾಕಿಕೊಳ್ಳುವ ಚಾಳಿ ಹುಡುಗರಲ್ಲಿದೆ, ಅದು ಶ್ವಾಸಕೋಶಕ್ಕೆ ಇಳಿಯಬಹುದು, ಮಗ ಹಾಗೆ ಮಾಡುತ್ತಾನಾ ಅಂತ ಕೇಳಿ ತಿಳಿದುಕೊಳ್ಳಿ. ಎದೆ ಬಡಿತ ಏರಿ ವಾಂತಿಯಾದರೆ ಕಾಯಬೇಡಿ, ಪೊಟ್ಟಣವನ್ನೂ ಸ್ಕೂಪನ್ನೂ ಜೊತೆಗೆ ತೆಗೆದುಕೊಂಡೇ ಆಸ್ಪತ್ರೆಗೆ ಹೋಗಿ.

ಪೊಟ್ಟಣ ಎಸೆದಿಲ್ಲ. ಬಾಯಿ ಮಡಚಿ, ಟೇಪ್ ಹಚ್ಚಿ, ಉಳಿದ ಪುಡಿ ತೂಗಿ ಬರೆದಿಟ್ಟಿದ್ದೇನೆ. ಕೆಫೀನ್ ಎಷ್ಟು ಅಂತ ಬರವಣಿಗೆಯಲ್ಲಿ ಕೊಡಿ ಅಂತ ಅಂಗಡಿಯವನಿಗೆ ಮೂರು ಸಲ ಕೇಳಿದ್ದೇನೆ. ಮೂರನೆಯ ಸಲ ಬಂದದ್ದು ಹೊಸ ಫ್ಲೇವರಿನ, ತೂಕ ಏರಿಸುವ ಮಾಸ್ ಗೇನರ್ ಪುಡಿಯ ಚಿತ್ರ, ಕೆಳಗೆ "ಜೊತೆಗೆ ಪ್ರಿ-ವರ್ಕೌಟ್ ಫ್ರೀ ಸರ್" ಅಂತ.