ಬಿಳಿ ಅಂಚು ಕತ್ತರಿಸದ ಫ್ರೇಮ್ ಅಂಗಡಿ, ಬಳ್ಳಾರಿ

ಐದಕ್ಕೆ ನಾಲ್ಕು ಸ್ಟಾರ್. ಒಂದು ಯಾಕೆ ಕಡಿಮೆ ಅಂತ ಆಮೇಲೆ ಹೇಳುತ್ತೇನೆ.

ನನಗೆ ಯುದ್ಧವಿಮಾನಗಳ ಲಿಮಿಟೆಡ್ ಎಡಿಶನ್ ಪ್ರಿಂಟ್ ಕೂಡಿಡುವ ಹುಚ್ಚು. ಪೋಸ್ಟರ್ ಅಲ್ಲ. ಪೇಂಟಿಂಗನ್ನು ಇಷ್ಟೇ ಪ್ರತಿ ಅಂತ ಮುದ್ರಿಸಿ, ಕೆಳಗಿನ ಬಿಳಿ ಅಂಚಿನಲ್ಲಿ ಕಲಾವಿದರು ಪೆನ್ಸಿಲಿನಲ್ಲಿ ಸಹಿ ಹಾಕಿರುತ್ತಾರೆ, ಪಕ್ಕದಲ್ಲಿ ನಂಬರ್ ಇರುತ್ತದೆ. 212/500 ಅಂದರೆ ಒಟ್ಟು ಐನೂರರಲ್ಲಿ ಇದು ಇನ್ನೂರ ಹನ್ನೆರಡನೆಯದು. ಕೆಲವದರಲ್ಲಿ ಆ ವಿಮಾನ ಹಾರಿಸಿದ ಪೈಲಟ್‌ಗಳ ಸಹಿಯೂ ಇರುತ್ತದೆ. ಅಂಥವಕ್ಕೆ ಬೆಲೆ ಜಾಸ್ತಿ, ಯಾಕಂದರೆ ಆ ಹಿರಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಅಂತೂ ನಾವು ಕೊಟ್ಟ ದುಡ್ಡೆಲ್ಲ ಇರೋದು ಆ ಎರಡು ಇಂಚು ಖಾಲಿ ಜಾಗದಲ್ಲಿ.

ಎರಡು ವರ್ಷದ ಹಿಂದೆ ಊರಿನ ಬೇರೊಂದು ಅಂಗಡಿಗೆ ಮಾರುತ್ ಪ್ರಿಂಟ್ ಕೊಟ್ಟಿದ್ದೆ. ಎಚ್‌ಎಫ್-24 ಮಾರುತ್ ಗೊತ್ತಲ್ವಾ, ಬೆಂಗಳೂರಿನ ಎಚ್‌ಎಎಲ್ ಕೂಸು, 1961ರ ಜೂನ್ 17ರಂದು ಮೊದಲು ಹಾರಿದ್ದು, ವಿನ್ಯಾಸ ಮಾಡಿದ್ದು ಎರಡನೇ ಮಹಾಯುದ್ಧದಲ್ಲಿ ಜರ್ಮನಿಗೆ ಫೋಕ್-ವುಲ್ಫ್ 190 ಯುದ್ಧವಿಮಾನ ಮಾಡಿಕೊಟ್ಟ ಅದೇ ಕುರ್ಟ್ ಟಾಂಕ್. ಫ್ರೇಮ್ ಆಗಿ ಬಂತು, ನೋಡಿದೆ, ಅಂಚೇ ಇಲ್ಲ! "ಬಿಳಿ ಭಾಳ ಕಾಣ್ತಿತ್ತು ಸಾರ್, ನೀಟಾಗಿ ಕಟ್ ಮಾಡೀವಿ" ಅಂದರು. ಸಾಲದ್ದಕ್ಕೆ ಗಮ್ ಹಚ್ಚಿ ಹಾರ್ಡ್‌ಬೋರ್ಡಿಗೆ ಮೆತ್ತಿಬಿಟ್ಟಿದ್ದರು. ಬೈಯೋಕೂ ಬಾಯಿ ಬರಲಿಲ್ಲ. ದಿನಾ ರಾಯರ ಫೋಟೋಕ್ಕೆ, ಮದುವೆ ಫೋಟೋಕ್ಕೆ ಕಟ್ಟು ಹಾಕುವವರಿಗೆ ಪೆನ್ಸಿಲ್ ಗೀಚಿದ್ದು ಕಸವಾಗೇ ಕಂಡಿರಬೇಕು. ನಾನೂ ಹೇಳಿರಲಿಲ್ಲ.

ಈ ಸಲ ನ್ಯಾಟ್. 1965ರ ಯುದ್ಧದಲ್ಲಿ ಪಾಕಿಸ್ತಾನದ ಸೇಬರ್ ವಿಮಾನಗಳ ಬೆನ್ನು ಹತ್ತಿ 'ಸೇಬರ್ ಸ್ಲೇಯರ್' ಅಂತ ಹೆಸರು ಮಾಡಿದ ಪುಟಾಣಿ ವಿಮಾನ, ಉದ್ದ ಒಂಬತ್ತು ಮೀಟರೂ ಇಲ್ಲ. (ಮಾರುತ್‌ಗೆ ಎರಡು ಆರ್ಫಿಯಸ್ ಎಂಜಿನ್, ಇದಕ್ಕೆ ಒಂದೇ. ಎರಡೂ ಎಚ್‌ಎಎಲ್‌ನಲ್ಲಿ ತಯಾರಾದವು, ಹಾಗಾಗಿ ನನ್ನ ಗೋಡೆ ಮೇಲೆ ಅಣ್ಣ ತಮ್ಮ.) ಭಯದಲ್ಲೇ ಬೆಂಗಳೂರು ರಸ್ತೆ ಕಡೆಯ ಈ ಸಣ್ಣ ಅಂಗಡಿಗೆ ಹೋದೆ. ಮಾಲೀಕರು ಕೈ ತೊಳೆದು, ಒರೆಸಿಕೊಂಡು, ಟ್ಯೂಬಿನಿಂದ ಪ್ರಿಂಟ್ ತೆಗೆದು ಮೊದಲು ಕೇಳಿದ್ದು, "ಇಲ್ಲಿ ಪೆನ್ಸಿಲ್ನಾಗ ಬರದಾರಲ್ರೀ, ಇದು ಕಾಣಬೇಕೋ ಮುಚ್ಚಬೇಕೋ?" ಅಲ್ಲಿಗೇ ನನ್ನ ಅರ್ಧ ಭಯ ಹೋಯಿತು.

ಕೆಲಸ ಹೇಗೆ ಮಾಡಿದರು ಅಂದರೆ, ಸುರುಳಿ ಸುತ್ತಿದ ಕಾಗದ ತಾನಾಗಿ ಚಪ್ಪಟೆ ಆಗಲಿ ಅಂತ ನಾಲ್ಕು ದಿನ ಗಾಜಿನ ಹಲಗೆ ಕೆಳಗೆ ಇಟ್ಟರು. ಆಸಿಡ್ ಇಲ್ಲದ ಮೌಂಟ್ ಬೋರ್ಡ್, ಅಂದರೆ ಚಿತ್ರದ ಸುತ್ತ ಕೂರಿಸುವ ದಪ್ಪ ರಟ್ಟು, ತರಿಸಿದರು. ಮಾಮೂಲಿ ಬೋರ್ಡ್ ಆದರೆ ಕಾಲ ಕಳೆದಂತೆ ಕಾಗದ ಹಳದಿ ಆಗುತ್ತದೆ. ಸಹಿ, ನಂಬರ್ ಎರಡೂ ಕಾಣುವ ಹಾಗೆ ಕಿಟಕಿ ಕತ್ತರಿಸಿದರು. ಪ್ರಿಂಟನ್ನು ಪೂರ್ತಿ ಅಂಟಿಸದೆ ಮೇಲಂಚಿಗೆ ಮಾತ್ರ ಎರಡು ತೆಳು ಕಾಗದದ ಪಟ್ಟಿ, ಅದೂ ಗೋಧಿ ಅಂಟಿನಲ್ಲಿ. ಬೇಕಾದಾಗ ಒದ್ದೆ ಮಾಡಿ ಬಿಡಿಸಬಹುದು. ಗಾಜು ಚಿತ್ರಕ್ಕೆ ತಾಗುವುದಿಲ್ಲ, ಮಧ್ಯೆ ಮೌಂಟ್ ಇದೆ. ಹಿಂದೆ ಸುತ್ತಲೂ ಟೇಪ್ ಹಾಕಿ ಬಂದ್ ಮಾಡಿದ್ದಾರೆ. ನಮ್ಮೂರಿನ ಕೆಂಪು ಧೂಳು ಯಾವ ಸಂದಿಯನ್ನೂ ಬಿಡೋದಿಲ್ಲ ಅಂತ ನಿಮಗೆ ಹೇಳಬೇಕಾಗಿಲ್ಲ.

ಇನ್ನು ಆ ಒಂದು ಸ್ಟಾರ್. ಒಂದು ವಾರ ಅಂದವರು ಹತ್ತೊಂಬತ್ತು ದಿನ ಮಾಡಿದರು. ನಾಲ್ಕು ದಿನ ಚಪ್ಪಟೆ ಮಾಡೋಕೆ ಹೋಯಿತು, ಸರಿ, ಯುವಿ ತಡೆಯುವ ಗಾಜು ಹೊರಗಿನಿಂದ ಬರಬೇಕಿತ್ತು, ಅದೂ ಸರಿ, ಆದರೆ ಒಂದು ಫೋನ್ ಮಾಡಬಹುದಿತ್ತಲ್ಲ? ನಾನೇ ಮೂರು ಸಲ ಸುಮ್ನೆ ಹೋಗಿ ಬಂದೆ. ಫ್ರೇಮ್ ಪಟ್ಟಿಯಲ್ಲೂ ಆಯ್ಕೆ ಕಮ್ಮಿ, ಬಂಗಾರದ ಬಳ್ಳಿ ಡಿಸೈನೇ ಜಾಸ್ತಿ. ಯುದ್ಧವಿಮಾನಕ್ಕೆ ಬಂಗಾರದ ಬಳ್ಳಿ! ಕೊನೆಗೆ ಸಾದಾ ಕಪ್ಪು ಒಂದು ಸಿಕ್ಕಿತು. ಒಟ್ಟು 2,850 ರೂಪಾಯಿ ಆಯಿತು, ಗಾಜಿಗೇ ಅರ್ಧ.

ನೀವು ಹೋಗೋದಾದರೆ ಟ್ಯೂಬಿನ ಮುಚ್ಚಳ ಅವರ ಕೈಯಲ್ಲೇ ತೆಗೆಸಿ, ಅಂಚಿನ ನಂಬರ್ ಇಬ್ಬರೂ ಒಟ್ಟಿಗೆ ನೋಡಿ ಚೀಟಿಯಲ್ಲಿ ಬರೆಸಿಕೊಳ್ಳಿ. ಭಾನುವಾರ ಬಾಗಿಲು ಹಾಕಿರುತ್ತದೆ. ನಾನು ಮುಂದಿನ ವಾರ ಆ ಅಂಚಿಲ್ಲದ ಮಾರುತ್ ಒಯ್ಯುತ್ತಿದ್ದೇನೆ, ಹಾರ್ಡ್‌ಬೋರ್ಡಿನಿಂದ ಬಿಡಿಸೋಕೆ ಆಗುತ್ತಾ ಅಂತ ಕೇಳೋಣ.