ಏರ್‌ಫಿಕ್ಸ್ ಸ್ಪಿಟ್‌ಫೈರ್ ಆರಂಭಿಕ ಸೆಟ್: ತುಮಕೂರಿನ ಬಿಸಿಲು, ಬೋರ್‌ವೆಲ್ ನೀರಿನ ನಡುವೆ ಬಳಸಿದ ಮೇಲೆ

ಪ್ಲಾಸ್ಟಿಕ್ ಮಾದರಿ ವಿಮಾನ ಜೋಡಿಸಿ ಬಣ್ಣ ಹಚ್ಚುವ ಹವ್ಯಾಸ ಶುರು ಮಾಡಬೇಕು, ಯಾವುದು ಕೊಳ್ಳಲಿ ಎಂದು ಕೇಳುವವರಿಗೆ ನಾನು ಈಗಲೂ ಎರಡನೇ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನ ಸ್ಪಿಟ್‌ಫೈರ್‌ನ ಇದೇ ಸೆಟ್ ಹೇಳುತ್ತೇನೆ. ಕೆಲವು ವರ್ಷಗಳಿಂದ ಮಾದರಿಗಳನ್ನು ಕಟ್ಟುತ್ತಿದ್ದೇನೆ, ದೊಡ್ಡ ಕಿಟ್‌ಗಳನ್ನೂ ಮುಗಿಸಿದ್ದೇನೆ. ಆದರೂ ಹೊಸ ಬಣ್ಣವನ್ನೋ ಹೊಸ ವಿಧಾನವನ್ನೋ ಪರೀಕ್ಷಿಸಬೇಕಾದಾಗ ಮತ್ತೆ ತರಿಸುವುದು ಇದನ್ನೇ. ಒಂದು ಷರತ್ತು ಮಾತ್ರ ಇದೆ. ವಿಮಾನಕ್ಕಾಗಿ ಕೊಳ್ಳಿ, ಜೊತೆಗೆ ಬರುವ ಬ್ರಷ್ಷು, ಅಂಟನ್ನು ನಂಬಿ ಕೊಳ್ಳಬೇಡಿ. ಸೂಚನಾ ಪತ್ರ ತಂಪು ದೇಶದವರು ಬರೆದದ್ದು ಎಂಬುದನ್ನೂ ನೆನಪಿಡಿ. ನಮ್ಮ ಊರಿನ ಬೇಸಿಗೆಯಲ್ಲಿ ಬಣ್ಣದ ನಡತೆಯೇ ಬೇರೆ.

ಗಾತ್ರ 1/72. ಆರು ಅಡಿ ಎತ್ತರದ ಮನುಷ್ಯ ಸರಿಯಾಗಿ ಒಂದು ಇಂಚಿಗೆ ಇಳಿಯುವ ಅಳತೆ ಇದು. ಹನ್ನೊಂದು ಮೀಟರಿಗೂ ತುಸು ಹೆಚ್ಚು ರೆಕ್ಕೆಯಗಲದ ಸ್ಪಿಟ್‌ಫೈರ್ ಹದಿನೈದು ಸೆಂಟಿಮೀಟರ್ ಆಸುಪಾಸಿಗೆ ಬಂದು ಅಂಗೈ ಮೇಲೆ ಕೂರುತ್ತದೆ. ಏರ್‌ಫಿಕ್ಸ್ 1939ರಲ್ಲಿ ಹುಟ್ಟಿದ ಬ್ರಿಟಿಷ್ ಕಂಪನಿ. 1950ರ ದಶಕದ ಆರಂಭದಿಂದಲೂ ಸ್ಪಿಟ್‌ಫೈರ್ ಅದರ ಮನೆಮಾತಾದ ಮಾದರಿ. 2006ರಿಂದ ಕಂಪನಿ ಹಾರ್ನ್‌ಬಿ ಒಡೆತನದಲ್ಲಿದೆ. ನನ್ನ ಪೆಟ್ಟಿಗೆಯ ಮೇಲೆ ಭಾರತದಲ್ಲಿ ತಯಾರಿಸಿದ್ದು ಎಂದು ಮುದ್ರಿತವಾಗಿರುವುದನ್ನು ನೋಡಿ ಬಹಳ ಖುಷಿಯಾಯಿತು.

ಪೆಟ್ಟಿಗೆ ತೆರೆದರೆ ಬೂದು ಪ್ಲಾಸ್ಟಿಕ್ಕಿನ ಚೌಕಟ್ಟುಗಳು, ಅವುಗಳಿಗೆ ಅಂಟಿಕೊಂಡ ಬಿಡಿಭಾಗಗಳು. ಈ ಚೌಕಟ್ಟಿಗೆ ಸ್ಪ್ರೂ ಎನ್ನುತ್ತಾರೆ. ಭಾಗಗಳನ್ನು ಕೈಯಲ್ಲಿ ತಿರುಚಿ ಕೀಳಬಾರದು. ಮೊದಲು ಭಾಗದಿಂದ ಸ್ವಲ್ಪ ದೂರದಲ್ಲಿ ಕತ್ತರಿಸಿ, ಉಳಿದ ಮೊಳಕೆಯನ್ನು ಬ್ಲೇಡಿನಿಂದ ಸವರಿ, ಆಮೇಲೆ ವಾಟರ್ ಪೇಪರ್‌ನಿಂದ ಉಜ್ಜಬೇಕು. ಕಾರಿಗೆ ಬಣ್ಣ ಹೊಡೆಯುವವರು ಬಳಸುವ ಅದೇ ವಾಟರ್ ಪೇಪರ್ ಸಾಕು. 400, 600, 1000 ನಂಬರಿನವು ಮಂಡಿಪೇಟೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತವೆ. ಹವ್ಯಾಸದ ಹೆಸರಿನಲ್ಲಿ ಮಾರುವ ದುಬಾರಿ ಪೊಟ್ಟಣ ಬೇಕಾಗಿಲ್ಲ. ದುಡ್ಡು ಹಾಕಬೇಕಾದದ್ದು ಕತ್ತರಿಸುವ ಒಳ್ಳೆಯ ನಿಪ್ಪರಿಗೆ.

ಅಂಟಿನ ವಿಷಯ ಬಿಡಿಸಿ ಹೇಳಬೇಕು. ಆರಂಭಿಕ ಸೆಟ್ ಯಾವ ಕಂಪನಿಯದೇ ಆಗಲಿ, ಟ್ಯೂಬಿನ ದಪ್ಪ ಅಂಟು ಹೊಸ ಕೈಗೆ ಒಗ್ಗುವುದು ಕಷ್ಟ. ಒತ್ತಿದರೆ ಬೇಕಾದ್ದಕ್ಕಿಂತ ಹೆಚ್ಚು ಬರುತ್ತದೆ, ಬಂದದ್ದು ನೂಲೆಳೆಯುತ್ತದೆ. ಹಸಿರು ಮುಚ್ಚಳದ ಟಾಮಿಯಾ ಎಕ್ಸ್‌ಟ್ರಾ ಥಿನ್ ಬಾಟಲಿ ತರಿಸಿಕೊಂಡ ಮೇಲೆ ನಾನು ಟ್ಯೂಬ್ ಮುಟ್ಟಿಲ್ಲ. 40 ಮಿಲಿಲೀಟರ್ ಬಾಟಲಿ, ಮುಚ್ಚಳದಲ್ಲೇ ಸಣ್ಣ ಬ್ರಷ್. ಎರಡು ಭಾಗಗಳನ್ನು ಮೊದಲು ಅಂಟು ಹಚ್ಚದೆ ಕೂಡಿಸಿ ಹಿಡಿದು, ಸಂದಿಗೆ ಬ್ರಷ್ಷಿನ ತುದಿ ತಾಗಿಸಿದರೆ ದ್ರವ ತಾನಾಗಿ ಒಳಕ್ಕೆ ಓಡುತ್ತದೆ. ಇದು ಮೇಲೆ ಅಂಟಿ ಕೂರುವ ಪದಾರ್ಥವಲ್ಲ, ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುತ್ತದೆ. ಮೆಲ್ಲಗೆ ಒತ್ತಿದರೆ ಸಂದಿಯಲ್ಲಿ ಕರಗಿದ ಪ್ಲಾಸ್ಟಿಕ್ ಸಣ್ಣ ಏಣಾಗಿ ಮೇಲೇಳುತ್ತದೆ. ಮರುದಿನ ಅದನ್ನು ಉಜ್ಜಿಬಿಟ್ಟರೆ ಜೋಡಣೆಯ ಗೆರೆಯೇ ಕಾಣುವುದಿಲ್ಲ. ಇದರಲ್ಲಿ ಅಸಿಟೋನ್ ಇದೆ, ಕಿಟಕಿ ತೆರೆದಿಟ್ಟೇ ಕೆಲಸ ಮಾಡಿ. ಪೈಲಟ್ ಮೇಲಿನ ಪಾರದರ್ಶಕ ಮುಚ್ಚಳಕ್ಕೆ ಮಾತ್ರ ಇದನ್ನು ಬಳಸಬೇಡಿ, ಕಲೆ ಬೀಳುತ್ತದೆ. ಅದಕ್ಕೆ ಫೆವಿಕಾಲ್ ಹನಿ ಸಾಕು, ಒಣಗಿದ ಮೇಲೆ ಬಿಳುಪು ಮಾಯವಾಗುತ್ತದೆ.

ಇನ್ನು ಬಣ್ಣ. ಸೆಟ್‌ನಲ್ಲಿ ಬರುವುದು ಹಂಬ್ರಾಲ್‌ನ ಅಕ್ರಿಲಿಕ್ ಬಣ್ಣದ ಪುಟ್ಟ ಬಟ್ಟಲುಗಳು. ನೀರಿನಲ್ಲಿ ಬೆರೆಯುತ್ತವೆ, ಕಟುವಾಸನೆಯಿಲ್ಲ, ಒಂದು ವಿಮಾನಕ್ಕೆ ಬೇಕಾದಷ್ಟಿದೆ. ಆದರೆ ಮಾರ್ಚ್ ದಾಟಿದ ಮೇಲೆ ತುಮಕೂರಿನ ಒಣಗಾಳಿಯಲ್ಲಿ ಬಣ್ಣ ತಟ್ಟೆಯ ಮೇಲೆ, ಬ್ರಷ್ಷಿನ ಬುಡದಲ್ಲಿ, ನೋಡುನೋಡುತ್ತಲೇ ಕೆನೆಗಟ್ಟುತ್ತದೆ. ತಲೆಯ ಮೇಲೆ ಫ್ಯಾನ್ ತಿರುಗುತ್ತಿದ್ದರಂತೂ ಕೇಳುವುದೇ ಬೇಡ. ಅರ್ಧ ಒಣಗಿದ ಬಣ್ಣದ ಮೇಲೆ ಮತ್ತೆ ಬ್ರಷ್ ಎಳೆದರೆ ಕೆಳಗಿನ ಪದರ ಕಿತ್ತು ಬರುತ್ತದೆ. ಇದಕ್ಕೆ ಸುಲಭದ ಪರಿಹಾರವಿದೆ: ಚಪ್ಪಟೆ ಸ್ಟೀಲ್ ಡಬ್ಬಿಯೊಳಗೆ ಒದ್ದೆ ಟಿಶ್ಯೂ ಹಾಸಿ, ಅದರ ಮೇಲೆ ಬಟರ್ ಪೇಪರ್ ಇಟ್ಟು, ಅಲ್ಲಿ ಬಣ್ಣ ಕಲಸಿ. ಕಾಗದದ ಕೆಳಗಿನ ತೇವ ಬಣ್ಣವನ್ನು ಹಸಿಯಾಗಿಡುತ್ತದೆ. ಮುಚ್ಚಳ ಹಾಕಿಟ್ಟರೆ ಮರುದಿನಕ್ಕೂ ಬರುತ್ತದೆ. ನಾನು ಕೆಲಸ ಮಾಡುವುದು ಬೆಳಿಗ್ಗೆ ಬಿಸಿಲೇರುವ ಮುನ್ನ, ಫ್ಯಾನ್ ಆರಿಸಿ.

ನೀರಿನದು ಇನ್ನೂ ಮುಖ್ಯ. ನಮ್ಮ ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯ ತಳ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಅದೇ ನೀರಿನಲ್ಲಿ ತೆಳುಮಾಡಿದ ಕಪ್ಪು ಬಣ್ಣವನ್ನು ರೆಕ್ಕೆಯ ಸಣ್ಣ ಗೆರೆಗಳಿಗೆ ಹರಿಸಿದರೆ ಒಣಗಿದ ಮೇಲೆ ಅಂಚಿನಲ್ಲಿ ಬಿಳಿ ಪುಡಿ ಉಳಿಯುತ್ತದೆ. ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ಒಂದು ಬಾಟಲಿ ತಂದಿಟ್ಟುಕೊಂಡರೆ ತಿಂಗಳುಗಟ್ಟಲೆ ಬರುತ್ತದೆ. ಬಣ್ಣ ನೀರು ಮಜ್ಜಿಗೆಯ ಹದಕ್ಕಿರಲಿ. ಮೊದಲ ಕೋಟ್ ಒಣಗಿದಾಗ ಅಡಿಯ ಬೂದು ಕಾಣುತ್ತದೆ, ಕಾಣಲಿ. ಎರಡನೆಯದು, ಮೂರನೆಯದು ಬಿದ್ದ ಮೇಲೆ ಕಂದು, ಹಸಿರು ಎರಡೂ ತುಂಬಿ ಬರುತ್ತವೆ, ಗೆರೆಗಳೂ ಮುಚ್ಚಿಹೋಗುವುದಿಲ್ಲ. ಬಣ್ಣ ಹಿಡಿದುಕೊಳ್ಳಲು ಮೊದಲು ಹಚ್ಚುವ ಅಡಿಪದರ, ಅಂದರೆ ಪ್ರೈಮರ್, ಹಾಕದೆ ಬಣ್ಣಕ್ಕೆ ಕೈಹಾಕಬೇಡಿ. ಬರಿಯ ಪ್ಲಾಸ್ಟಿಕ್ಕಿನ ಮೇಲೆ ಅಕ್ರಿಲಿಕ್ ಉಗುರು ತಾಗಿದರೂ ಏಳುತ್ತದೆ.

ಮುಂದೆ ಬಣ್ಣ ಖಾಲಿಯಾದಾಗ ನಾನು ವಲ್ಲೆಹೊ ಕಂಪನಿಯ ಬಣ್ಣದ ಬಾಟಲಿಗಳಿಗೆ ಬಂದೆ. ಹನಿ ಹನಿಯಾಗಿ ಬೀಳುವ ಮೂತಿ ಇರುವುದರಿಂದ ನಷ್ಟ ಕಡಿಮೆ. ಬ್ರಷ್ಷಿಗೆ ಹೊರಗಿನಿಂದ ತರಿಸುವ ಅಗತ್ಯವಿಲ್ಲ, ಸ್ಟೇಷನರಿ ಅಂಗಡಿಯ ಸಿಂಥೆಟಿಕ್ ದುಂಡು ಬ್ರಷ್ 0 ಮತ್ತು 2 ನಂಬರ್ ಸಾಕು. ಒದ್ದೆ ಮಾಡಿದಾಗ ತುದಿ ಒಂದೇ ಮೊನೆಗೆ ಬರುತ್ತದೆಯೇ ಎಂದು ಅಂಗಡಿಯಲ್ಲೇ ನೋಡಿ. ಪೈಲಟ್‌ನ ತಲೆ ಮೂರೇ ಮಿಲಿಮೀಟರ್. ಕಣ್ಣು ಬರೆಯಲು ಹೋಗಬೇಡಿ. ಚರ್ಮದ ಬಣ್ಣ ಹಚ್ಚಿ, ಹೆಲ್ಮೆಟ್ಟಿಗೆ ಕಂದು ಕೊಟ್ಟು, ಗಲ್ಲದ ಕೆಳಗೆ ತೆಳು ಕಂದು ನೀರು ಇಳಿಯಲು ಬಿಟ್ಟರೆ ಮುಖಕ್ಕೆ ತಾನಾಗಿ ಕಳೆ ಬರುತ್ತದೆ. ನನಗೆ ಇಡೀ ಕಿಟ್‌ನಲ್ಲಿ ಅತಿ ಪ್ರಿಯವಾದ ಕೆಲಸ ಇದೇ.

ರೆಕ್ಕೆಯ ಮೇಲಿನ ಗುರುತುಗಳು ಡೆಕಾಲ್, ಅಂದರೆ ನೀರಿನಲ್ಲಿ ಅದ್ದಿ ಅಂಟಿಸುವ ತೆಳು ಚಿತ್ರಗಳ ರೂಪದಲ್ಲಿ ಬರುತ್ತವೆ. ಅರ್ಧ ನಿಮಿಷ ನೀರಿನಲ್ಲಿ ಅದ್ದಿ, ಕಾಗದದಿಂದ ಜಾರಿಸಿ ಕೂರಿಸಬೇಕು. ಕೆಳಗಿನ ಮೇಲ್ಮೈ ಹೊಳಪಿಲ್ಲದ ಮ್ಯಾಟ್ ಆಗಿದ್ದರೆ ಗಾಳಿ ಸಿಕ್ಕಿ ಬೆಳ್ಳಿಯಂತೆ ಹೊಳೆಯುತ್ತದೆ. ಮೊದಲು ಹೊಳಪು ವಾರ್ನಿಷ್, ಆಮೇಲೆ ಡೆಕಾಲ್, ಕೊನೆಗೆ ಮ್ಯಾಟ್ ವಾರ್ನಿಷ್. ಸ್ಪ್ರೇ ವಾರ್ನಿಷ್ಷನ್ನು ಮಳೆ ಹಿಡಿದ ದಿನ ಹೊಡೆಯಬೇಡಿ, ಮಂಜು ಕವಿದಂತಾಗುತ್ತದೆ.

ಭಾರತೀಯ ವಾಯುಪಡೆಯ ಗುರುತು ಹಾಕಬೇಕೆಂದು ಇದನ್ನು ಕೊಳ್ಳುವವರು ಗಮನಿಸಿ: ಇದು ಸ್ಪಿಟ್‌ಫೈರ್‌ನ ಆರಂಭದ ಆವೃತ್ತಿ, ಮಾರ್ಕ್ 1. ನಮ್ಮವರು ಯುದ್ಧದಲ್ಲಿ ಹಾರಿಸಿದ್ದು ಮಾರ್ಕ್ 8ರಂತಹ ನಂತರದ ಆವೃತ್ತಿಗಳನ್ನು. ದೆಹಲಿಯ ಪಾಲಂ ಸಂಗ್ರಹಾಲಯದಲ್ಲಿರುವುದು ಮಾರ್ಕ್ 18. ಎಚ್‌ಎಎಲ್ ಬೆಂಗಳೂರಿನಲ್ಲಿ ತಯಾರಿಸಿದ, 1965ರ ಯುದ್ಧದಲ್ಲಿ ಹೆಸರು ಮಾಡಿದ ಪುಟ್ಟ ಯುದ್ಧವಿಮಾನ ನ್ಯಾಟ್ ಬೇಕೆಂದರೆ ಅದಕ್ಕೂ ಏರ್‌ಫಿಕ್ಸ್ ಕಿಟ್ ಇದೆ. ಆದರೆ ಬ್ರಿಟಿಷ್ ವಾಯುಪಡೆಯ ಕಸರತ್ತು ತಂಡ ರೆಡ್ ಆರೋಸ್‌ನ ಕೆಂಪಿನಲ್ಲಿ ಬರುವುದು ಎರಡು ಆಸನದ ತರಬೇತಿ ವಿಮಾನ, ನಮ್ಮ ಯುದ್ಧವಿಮಾನಕ್ಕಿದ್ದದ್ದು ಒಂದೇ ಆಸನ. ಗುಬ್ಬಿ ತಾಲ್ಲೂಕಿನಲ್ಲಿ 2023ರಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾದ ಮೇಲೆ ನಮ್ಮ ಬೀದಿಯ ಮಕ್ಕಳು ಹೆಲಿಕಾಪ್ಟರ್ ಕಿಟ್ಟನ್ನೇ ಮೊದಲು ಕೇಳುತ್ತಾರೆ. ತೆಳ್ಳನೆಯ ರೆಕ್ಕೆಪಟ್ಟಿಗಳು ಬೇಗ ಮುರಿಯುವುದರಿಂದ ಅದು ಎರಡನೆಯ ಕಿಟ್ ಆಗಿರಲಿ.

ನಾನು ತರಿಸಿದ ಒಂದು ಪಾರ್ಸೆಲ್‌ನಲ್ಲಿ ಪೆಟ್ಟಿಗೆ ಜಜ್ಜಿ, ರೆಕ್ಕೆಯ ತುದಿ ಮುರಿದಿತ್ತು. ಮಾರಾಟಗಾರರು ಬದಲಿ ಕೊಡಲು ವಾರಗಟ್ಟಲೆ ಅಲೆಸಿದರು. ಪಾರ್ಸೆಲ್ ತೆರೆಯುವಾಗ ವಿಡಿಯೊ ಮಾಡಿಟ್ಟುಕೊಳ್ಳಿ. ಹತ್ತು ವರ್ಷದ ಒಳಗಿನ ಮಕ್ಕಳಿಗೆ ಕೊಡುವುದಾದರೆ ಕತ್ತರಿಸುವುದು, ಅಂಟಿಸುವುದು ದೊಡ್ಡವರ ಪಾಲಿಗಿರಲಿ, ಬಣ್ಣ ಪೂರ್ತಿ ಅವರಿಗೇ ಬಿಡಿ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ನಿಪ್ಪರ್, ತೆಳು ಅಂಟು, ಎರಡು ಬ್ರಷ್ ಮೊದಲೇ ಕೊಂಡಿಟ್ಟುಕೊಂಡವರು ಐದೂ ಕೊಡಬಹುದು.