ಐದು ಸ್ಪೀಕರ್ ಇದ್ದ ಮಾತ್ರಕ್ಕೆ 5.1 ಅಲ್ಲ: ದಾವಣಗೆರೆಯಲ್ಲಿ ನಾನು ಕಳೆದುಕೊಂಡ ದುಡ್ಡು

ಕಡಿಮೆ ದುಡ್ಡಲ್ಲಿ ಮನೆಗೆ ಹೋಮ್ ಥಿಯೇಟರ್ ತರಬೇಕು ಅಂತಿರುವವರು ದಯವಿಟ್ಟು ಇದನ್ನು ಓದಿ. ನಾನು 9,500 ರೂಪಾಯಿ ಕೊಟ್ಟು ಮೋಸ ಹೋದೆ. ಆಮೇಲೆ ಅದರ ಮೇಲೆ ಇನ್ನೂ 900 ಹಾಕಿದೆ.

ಅಪ್ಪಾಜಿಗೆ ಕಿವಿ ಸ್ವಲ್ಪ ಮಂದ. ಟಿವಿಯಲ್ಲಿ ಹಾಡು ಕೇಳುತ್ತದೆ, ಮಾತು ತಿಳಿಯುವುದಿಲ್ಲ. "ಮಾತು ಕೇಳಂಗ ಮಾಡಪ್ಪ, ಸಾಕು" ಅಂದಿದ್ದರು. 5.1 ಅಂದರೆ ಐದು ಸ್ಪೀಕರ್, ಜೊತೆಗೆ ದಪ್ಪ ಸದ್ದಿಗೆ ಒಂದು ವೂಫರ್; ಒಂದೊಂದಕ್ಕೂ ಬೇರೆ ಬೇರೆ ಸದ್ದು. ಸರಿಯಾದ 5.1 ಸೆಟ್‌ನಲ್ಲಿ ಸಿನಿಮಾದ ಮಾತು ಹೆಚ್ಚಾಗಿ ನಡುವಿನ ಸ್ಪೀಕರ್‌ನಿಂದಲೇ ಬರುತ್ತದೆ. ಅದನ್ನೇ ನಂಬಿಕೊಂಡು ಯುಗಾದಿಗೆ ಮುಂಚೆ ಪೇಟೆಗೆ ಹೋದೆ. ಅಂಗಡಿಯವರು ಬ್ಲೂಟೂತ್‌ನಲ್ಲಿ ಒಂದು ಹಾಡು ಜೋರಾಗಿ ಹಾಕಿದರು. ವೂಫರ್ ಸದ್ದಿಗೆ ಎದೆ ಅದುರಿತು. ಅಷ್ಟಕ್ಕೇ ಒಪ್ಪಿಬಿಟ್ಟೆ.

ಮನೆಗೆ ತಂದು ಸಿನಿಮಾ ಹಾಕಿದರೆ ಮಾತು ಬೆನ್ನ ಹಿಂದಿನಿಂದಲೂ ಬರುತ್ತಿದೆ! ಒಂದೊಂದು ಸ್ಪೀಕರ್ ಹೆಸರನ್ನು ಕೂಗಿ ಹೇಳುವ 5.1 ಟೆಸ್ಟ್ ಕ್ಲಿಪ್ ಸಿಗುತ್ತದಲ್ವಾ, ಅದನ್ನು ಹಾಕಿ ನೋಡಿದೆ. "ಹಿಂದಿನ ಎಡ" ಅಂದಾಗ ಎಡಗಡೆಯ ಎರಡೂ ಸ್ಪೀಕರ್ ಮಾತಾಡಿದವು. ಸೆಟ್‌ನ ಹಿಂದೆ ತಿರುಗಿಸಿ ನೋಡಿದರೆ ಟಿವಿಗೆ ಜೋಡಿಸಲು ಇರುವುದು ಒಂದೇ ಆಕ್ಸ್ ತೂತು (ಹೆಡ್‌ಫೋನ್ ವೈರ್‌ನಂಥ ಪಿನ್ ಚುಚ್ಚುವುದು). ಆಕ್ಸ್ ವೈರ್‌ನಲ್ಲಾಗಲಿ ಬ್ಲೂಟೂತ್‌ನಲ್ಲಾಗಲಿ ಬರುವುದು ಎಡ, ಬಲ ಎರಡೇ ಚಾನೆಲ್, ಅಂದರೆ ಎರಡೇ ಬೇರೆ ಬೇರೆ ಸದ್ದು. ಆ ಎರಡನ್ನೇ ಐದು ಡಬ್ಬಿಗೆ ಹಂಚಿ 5.1 ಅಂತ ಮಾರಿದ್ದಾರೆ.

ವಾಪಸ್ ಹೋಗಿ ಕೇಳಿದೆ. "ಸರ್, ಆಪ್ಟಿಕಲ್ ಕನ್ವರ್ಟರ್ ಹಾಕ್ರಿ, ಸರಿ ಹೋಗುತ್ತೆ" ಅಂದು 900 ರೂಪಾಯಿಗೆ ಒಂದು ಪುಟ್ಟ ಡಬ್ಬಿ ಕೊಟ್ಟರು. ಟಿವಿಯ ಆಪ್ಟಿಕಲ್ ಪೋರ್ಟ್‌ನಿಂದ ಬೆಳಕಾಗಿ ಬರುವ ಸದ್ದನ್ನು ಆಕ್ಸ್‌ಗೆ ಹೊಂದಿಸುವ ಡಬ್ಬಿ ಅದು. ಅದನ್ನು ಹಾಕಿದ ಮೇಲೆ ಸದ್ದೇ ಬರಲಿಲ್ಲ. ಟಿವಿ ಸೆಟ್ಟಿಂಗ್‌ನಲ್ಲಿ ಡಾಲ್ಬಿ (5.1 ಸದ್ದನ್ನು ಅಡಕ ಮಾಡಿ ಕಳಿಸುವ ರೀತಿ) ತೆಗೆದು ಪಿಸಿಎಂಗೆ (ಅಡಕ ಮಾಡದ ಸಾದಾ ಸದ್ದು) ಬದಲಾಯಿಸಿದ ಮೇಲೆ ಬಂತು, ಆದರೆ ಮತ್ತೆ ಅದೇ ಎರಡು ಚಾನೆಲ್. ಅದರಿಂದ ಹೊರಗೆ ಬರುವುದೇ ಎರಡು ವೈರ್. ಐದು ಎಲ್ಲಿಂದ ಬರಬೇಕು?

ಇಲ್ಲಿ ನನ್ನ ತಪ್ಪೂ ಇದೆ. ಪಕ್ಕಾ ಬಿಲ್ ಬೇಕಂದ್ರೆ 18 ಪರ್ಸೆಂಟ್ ಜಿಎಸ್‌ಟಿ ಜಾಸ್ತಿ ಆಗುತ್ತೆ ಅಂದಾಗ, ಚೀಟಿಯಲ್ಲಿ ಬರೆದುಕೊಟ್ಟಿದ್ದಕ್ಕೇ ಹೂಂ ಅಂದಿದ್ದೆ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದರೆ ಮೊದಲು ಕೇಳಿದ್ದೇ ಬಿಲ್. ಹಾಗಾಗಿ ಬಿಲ್ ಇಲ್ಲದೆ ಏನನ್ನೂ ತರಬೇಡಿ.

ಡಬ್ಬದ ಮೇಲಿನ 12,000 ವ್ಯಾಟ್ ಪಿಎಂಪಿಒ (ಕ್ಷಣಮಾತ್ರಕ್ಕೆ ಬರುತ್ತದೆ ಅನ್ನುವ ಗರಿಷ್ಠ ಶಕ್ತಿ) ಅನ್ನುವುದನ್ನಂತೂ ನೋಡಲೇಬೇಡಿ. ಪಿಎಂಪಿಒ ಅಳೆಯಲು ಒಪ್ಪಿತವಾದ ಅಳತೆಯೇ ಇಲ್ಲ. ಆರ್‌ಎಂಎಸ್, ಅಂದರೆ ನಿಲ್ಲದೆ ಕೊಡಬಲ್ಲ ಶಕ್ತಿ ಎಷ್ಟು ಅಂತ ಕೇಳಿ. ನನ್ನ ಸೆಟ್‌ನ ಹಿಂದೆ ಕರೆಂಟ್ ಖರ್ಚು 60 ವ್ಯಾಟ್ ಅಂತ ಅಚ್ಚಾಗಿದೆ. ಅಷ್ಟು ಕರೆಂಟ್ ಎಳೆಯುವ ಸೆಟ್‌ನಿಂದ ಸಾವಿರಾರು ವ್ಯಾಟ್ ಸದ್ದು ಹೇಗೆ ಬರುತ್ತದೆ?

ನಿಜವಾದ 5.1 ಬೇಕಿದ್ದರೆ ಸೆಟ್‌ನಲ್ಲಿ ಎಚ್‌ಡಿಎಂಐ ಎಆರ್‌ಸಿ (ಟಿವಿಯ ಸದ್ದನ್ನು ಎಚ್‌ಡಿಎಂಐ ವೈರ್‌ನಲ್ಲೇ ಸೆಟ್‌ಗೆ ತರುವ ಪೋರ್ಟ್) ಅಥವಾ ಆಪ್ಟಿಕಲ್ ಇನ್‌ಪುಟ್ ಇರಬೇಕು, ಡಾಲ್ಬಿ ಡಿಜಿಟಲ್ ಅಂತ ಬರೆದಿರಬೇಕು. ನಿಮ್ಮ ಟಿವಿಯಲ್ಲೂ ಹೊಂದುವ ಪೋರ್ಟ್ ಇರಬೇಕು. ಟಿವಿಯ ಹಿಂಭಾಗದ ಫೋಟೋ ತೆಗೆದುಕೊಂಡೇ ಅಂಗಡಿಗೆ ಹೋಗಿ. ಅಲ್ಲಿನ ಟಿವಿಗೆ ಜೋಡಿಸಿ ಟೆಸ್ಟ್ ಕ್ಲಿಪ್ ಹಾಕಿಸಿ, ಬರೀ ಹಾಡು ಕೇಳಿ ಬರಬೇಡಿ. ನಿಮ್ಮ ದುಡ್ಡಿಗೆ ಅಂಥದ್ದು ಸಿಗದಿದ್ದರೆ ಒಳ್ಳೆಯ 2.1 (ಎರಡು ಸ್ಪೀಕರ್, ಒಂದು ವೂಫರ್) ಸಾಕು.

ನಾನು ಈಗ ಹಿಂದಿನ ಎರಡು ಸ್ಪೀಕರ್ ಬಿಚ್ಚಿ ಅಟ್ಟಕ್ಕೆ ಹಾಕಿದ್ದೇನೆ. ವೂಫರ್ ಸದ್ದು ಇಳಿಸಿ, ಮುಂದಿನ ಸ್ಪೀಕರ್‌ಗಳನ್ನು ಅಪ್ಪಾಜಿ ಕೂರುವ ಕುರ್ಚಿಯ ಕಡೆಗೆ ತಿರುಗಿಸಿದ್ದೇನೆ. ಮೊದಲಿಗಿಂತ ಮಾತು ಸ್ವಲ್ಪ ಚೆನ್ನಾಗಿ ಕೇಳುತ್ತಿದೆ ಅನ್ನುತ್ತಾರೆ.